ಕಾವಿ ನೆಲದ ಮನೆಯಲ್ಲಿ ಕತ್ತಲೆ ಹಿಡಿದ ಬಗೆ: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ಕೆಂಪು ಕಾವಿ ನೆಲದ ಒಂದು ಮುರಕಲ್ಲಿನ ಉಪ್ಪರಿಗೆ ಮನೆ, ಸುತ್ತ ಅಡಿಕೆ ತೋಟ. ತಂದೆ ತೀರಿಕೊಂಡ ಮನೆಗೆ ಚಿಕ್ಕಪ್ಪ ಬಂದು ಕೂರುವ ಕಥೆಯ ಗೋಥಿಕ್ ಕಿರುಚಿತ್ರವನ್ನು, ಅಂದರೆ ಹಳೇ ಮನೆ, ಕತ್ತಲೆ, ಗುಟ್ಟು, ಭಯ ಕೂಡಿದ ಬಗೆಯದನ್ನು, ಅಲ್ಲೇ ಮುಗಿಸಿದೆ. "ದೊಡ್ಡ ಲೈಟಿಲ್ಲದೆ ಗೋಥಿಕ್ ಆಗುವುದುಂಟೋ ಮಾರಾಯ, ಮುಖವೇ ಕಾಣಲಿಕ್ಕಿಲ್ಲ" ಎಂದಿದ್ದ ಮಂಗಳೂರಿನ ಗೆಳೆಯರೇ ಈಗ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ.

ಮೊದಲು ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಳಿಸಿ ನೋಡಿದೆ, ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ತುಂಬಿತು. ಎಲ್‌ಇಡಿ ಪ್ಯಾನಲ್ ಬಾಡಿಗೆಗೆ ಏಳೆಂಟು ಸಾವಿರ ಸುರಿದೆ. ಸುಣ್ಣದ ಗೋಡೆ ಆ ಬೆಳಕನ್ನೆಲ್ಲ ಕೋಣೆ ತುಂಬ ಎರಚಿ, ಚಾವಡಿ ಮದುವೆ ವಿಡಿಯೋದ ಹಾಗೆ ಕಂಡಿತು. ಪ್ಯಾನಲ್ ವಾಪಸ್ ಕಳಿಸಿ, ಶಾಮಿಯಾನದವರಿಂದ ಕಪ್ಪು ಬಟ್ಟೆ ತಂದೆ, ದಿನಕ್ಕೆ ಮುನ್ನೂರರ ಆಸುಪಾಸು. ಕಿಟಿಕಿಗೆ ಎದುರು ಮಗ್ಗುಲಲ್ಲಿ, ಮುಖದಿಂದ ಎರಡು ಮೊಳ ದೂರದಲ್ಲಿ ಇಳಿಬಿಟ್ಟೆ. ಗೋಡೆಯಿಂದ ಮರಳುವ ಬೆಳಕನ್ನು ಬಟ್ಟೆ ನುಂಗಿ, ಒಂದು ಕೆನ್ನೆ ಬೆಳಗಿತು, ಇನ್ನೊಂದು ಪೂರ್ತಿ ಕತ್ತಲಲ್ಲಿ ಮುಳುಗಿತು. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿಯೆಂದು ಎಣಿಸಬೇಕೆಂಬ ಹೊಂದಿಕೆ) ಹಳದಿ ಬಲ್ಬಿನ ಬೆಳಕಿಗೆ ಸರಿಯಾದ 3200 ಕೆಲ್ವಿನ್‌ನಲ್ಲಿಟ್ಟದ್ದರಿಂದ ಹೊರಗಿನ ಮುಸ್ಸಂಜೆ ತಾನಾಗಿ ನೀಲಿಯಾಯಿತು. ರಾತ್ರಿಯ ದೀಪದ ಶಾಟ್‌ಗಳಿಗೆ ಮಾತ್ರ ನನ್ನ ಸೋನಿ ಎ7ಎಸ್ 3 ಕ್ಯಾಮೆರಾದ ಐಎಸ್‌ಒವನ್ನು (ಬೆಳಕಿಗೆ ಸ್ಪಂದಿಸುವ ಮಟ್ಟ) 12800ಕ್ಕೆ ಏರಿಸಿದೆ.

ನನಗೆ ಹೆಮ್ಮೆಯಿರುವುದು ಕಾವಿ ನೆಲದ ಕೆಲಸದ ಮೇಲೆ. ಕಿಟಿಕಿ ಬೆಳಕು ನೆಲಕ್ಕೆ ಬಡಿದು ಗಲ್ಲದಡಿಗೆ ಕೆಂಪು ಹೊಡೆಯುತ್ತಿತ್ತು. ತಾಯಿ, ಮಗಳ ಕ್ಲೋಸಪ್‌ಗಳಲ್ಲಿ ನೆಲಕ್ಕೆ ಕರಿ ಕಂಬಳಿ ಹಾಸಿ ಅದನ್ನು ಕೊಂದೆ. ಚಿಕ್ಕಪ್ಪ ಒಳಗೆ ಬಂದಾಗ ಮಾತ್ರ ಕಂಬಳಿ ತೆಗೆದು, ತೆಂಗಿನೆಣ್ಣೆ ಹಚ್ಚಿ ನೆಲ ತಿಕ್ಕಿಸಿದೆ. ಅವನಿರುವ ಕಡೆ ಎಲ್ಲರ ಮುಖಕ್ಕೂ ಅಡಿಯಿಂದ ಆ ಕೆಂಪು ಏರುತ್ತದೆ. ಕೊನೆಗೆ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಕೆಂಪನ್ನು ಮುಟ್ಟಲೇ ಇಲ್ಲ.

ಕೊರಿಯಾದ ನಿರ್ದೇಶಕ ಪಾರ್ಕ್ ಚಾನ್-ವೂಕ್ ಅವರ 'ಸ್ಟೋಕರ್' ಚಿತ್ರದಲ್ಲಿ (2013) ಬಾಚುತ್ತಿರುವ ಕೂದಲು ನೋಡನೋಡುತ್ತ ಹುಲ್ಲಾಗುತ್ತದೆ. ಆ ಗುಂಗಿನಲ್ಲೇ ಅಜ್ಜಿಯ ಸೀರೆಯ ನೆರಿಗೆಯಿಂದ ಅಡಿಕೆ ಸೋಗೆಗೆ ಡಿಸಾಲ್ವ್ ಮಾಡಿದೆ, ಅಂದರೆ ಒಂದು ಚಿತ್ರ ಕರಗಿ ಇನ್ನೊಂದಾಗುವ ಹಾಗೆ. ಗಾಳಿಗೆ ಸೋಗೆ ಒಂದು ಕಡೆ, ನೆರಿಗೆ ಇನ್ನೊಂದು ಕಡೆ ಓಡಿ ಬಹಳ ಸಲ ಕೆಟ್ಟಿತು. ಎರಡು ಶಾಟ್‌ಗೂ ಕ್ಯಾಮೆರಾಕ್ಕೆ ಒಂದೇ ವೇಗದ ಟಿಲ್ಟ್ (ಮೇಲೆ ಕೆಳಗೆ ತಿರುಗಿಸುವುದು) ಕೊಟ್ಟ ಮೇಲೆ ಕೂಡಿತು. ತೆಂಗಿನ ಸಿಪ್ಪೆ ಹೊಗೆಯ ಪ್ರಯೋಗವನ್ನೂ ಮಾಡಿದೆ. ಬೆಳಕಿನ ಕೋಲು ಚಂದ ಬಂತು, ಕಲಾವಿದರ ಕಣ್ಣುರಿ ನೋಡಲಾಗದೆ ಬಿಟ್ಟೆ.

ಎಣ್ಣೆದೀಪದ ಹಿಂದೆ ಅಡಗಿಸಿದ ಬಲ್ಬನ್ನು ಹೇಗೆ ಮಿನುಗಿಸಿದೆ ಎಂಬುದು ಸದ್ಯ ನನ್ನಲ್ಲೇ ಇರಲಿ, ಮುಂದಿನ ಚಿತ್ರಕ್ಕೂ ಬೇಕು. ಒಟ್ಟು ಅರುವತ್ತು ಸಾವಿರದೊಳಗೆ ಮುಗಿಯಿತು, ಅರ್ಧದಷ್ಟು ಊಟಕ್ಕೆ, ಜೀಪಿಗೆ. ಕಪ್ಪು ಬಟ್ಟೆ ಬೇಕಾದವರು ಮದುವೆ, ಜಾತ್ರೆಯ ತಿಂಗಳು ಬಿಟ್ಟು ಕೇಳಿ. ಆ ತಿಂಗಳುಗಳಲ್ಲಿ ಶಾಮಿಯಾನದವರು ಒಂದು ತುಂಡನ್ನೂ ಕೊಡುವುದಿಲ್ಲ.