ತೊಗರಿ ಕೈಕೊಟ್ಟ ವರ್ಷ ಲಿಂಗಪೂಜೆ ನಡೆಸಿದ ಕ್ರಮ

ನಮ್ಮ ಕಲಬುರಗಿ ಕಡೆ ತೊಗರಿ ಕೈಕೊಟ್ಟ ವರ್ಷ ಮನೆಮನೆಯಲ್ಲೂ ಎರಡು ಬದಲಾವಣೆ ಕಾಣುತ್ತವೆ. ದಿನದ ಪೂಜೆ ತಪ್ಪುತ್ತದೆ, ಹರಕೆ ದೊಡ್ಡದಾಗುತ್ತದೆ. ನಾನು ಮಾಡಿದ್ದು ಇದರ ಉಲ್ಟಾ. ಹರಕೆ ಪೂರ್ತಿ ಬಂದ್. ಪೂಜೆ ಸಣ್ಣದು, ಆದರೆ ಹೊತ್ತು ಪಕ್ಕಾ.

ಹೊತ್ತು ಅಂದರೆ ಗಡಿಯಾರದ್ದಲ್ಲ. ಜಳಕ ಆದ ಮೇಲೆ, ಚಹಾಕ್ಕೆ ಮೊದಲು, ಅಷ್ಟೇ. ಕೂಲಿಗೆ ಹೋಗುವ ದಿನ ಗಂಟೆ ಹಿಂದುಮುಂದಾದರೂ ಈ ಜಾಗ ಅಲುಗಾಡುವುದಿಲ್ಲ. ಹತ್ತು ನಿಮಿಷ ಸಾಕು. ಕರಡಿಗೆ ಅಂದರೆ ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಡಬ್ಬಿ, ಅದರಿಂದ ಇಷ್ಟಲಿಂಗ ತೆಗೆದು, ತಣ್ಣೀರಲ್ಲಿ ತೊಳೆದು, ಒರೆಸಿ, ಎಡ ಅಂಗೈ ಮೇಲೆ ಇಡಬೇಕು. ಭಸ್ಮ, ಒಂದು ಪತ್ರಿ. ಪತ್ರಿ ಸಿಗದಿದ್ದರೆ ಬರೀ ಭಸ್ಮ. ಬಿಸಿನೀರು, ಬಿಸಿಲು ಎರಡೂ ಬೇಡ, ಲಿಂಗದ ಮೇಲಿನ ಕಪ್ಪು ಲೇಪ, ಅಂದರೆ ಕಂತಿ, ಕಾವಿಗೆ ಕೆಡುತ್ತದೆ.

ಸಮಯ ಕೊಡಬೇಕಾದದ್ದು ದೃಷ್ಟಿಗೆ. ದೀಪವನ್ನು ಬೆನ್ನ ಹಿಂದೆ, ತಲೆಗಿಂತ ತುಸು ಎತ್ತರದ ಗೂಡಿನಲ್ಲಿಟ್ಟು ಕರೆಂಟ್ ಬಲ್ಬ್ ಆರಿಸಿದರೆ ಕಂತಿಯ ಮೇಲೆ ಸಾಸಿವೆಯಷ್ಟು ಬೆಳಕಿನ ಚುಕ್ಕೆ ಮೂಡುತ್ತದೆ. ನೋಡುವುದು ಅದನ್ನೇ. ದೀಪ ಎದುರಿಗಿದ್ದರೆ ಬೆಳಕು ನೇರ ಕಣ್ಣಿಗೆ ಹೊಡೆದು ಚುಕ್ಕೆ ಮಸುಕಾಗುತ್ತದೆ. ಅಂಗೈ ಮುಖದಿಂದ ಒಂದು ಗೇಣು ದೂರ ಇರಲಿ, ಮೊಣಕೈ ಪಕ್ಕೆಗೆ ಒತ್ತಿರಲಿ. ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಕೈ ನಡುಗಿ ಚುಕ್ಕೆ ಓಡಾಡುತ್ತದೆ. ಕಣ್ಣಲ್ಲಿ ನೀರು ಬಂದರೆ ಮುಚ್ಚಿಬಿಡಿ, ಹಟ ಬೇಡ.

ಸಾಲ ಇರುವವರಿಗೆ ಒಂದು ಮಾತು: ಮಂತ್ರವನ್ನು ಮನಸ್ಸಲ್ಲೇ ಹೇಳಬೇಡಿ. ಮೌನದ ಜಪ ಎರಡೇ ನಿಮಿಷದಲ್ಲಿ ಬಡ್ಡಿಯ ಲೆಕ್ಕಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು ದನಿ ತೆಗೆದು ಹೇಳಿದರೆ ನಾಲಿಗೆಗೂ ಕಿವಿಗೂ ಕೆಲಸ ಸಿಗುತ್ತದೆ. ಸಂಘದ ಸಾಲದ ಕಂತು ಆಗಲೂ ನೆನಪಾಗುತ್ತದೆ, ಆದರೆ ತಳ ಊರುವುದಿಲ್ಲ.

ಮನೆಯಲ್ಲಿ ಸಾವಾದರೂ ಪೂಜೆ ನಿಲ್ಲದು. ಲಿಂಗವಂತರಿಗೆ ಸೂತಕವಿಲ್ಲ ಎಂದು ಶರಣರು 12ನೇ ಶತಮಾನದಲ್ಲೇ ತೀರ್ಮಾನಿಸಿದ್ದಾರೆ. ಹಿರಿಯರು ತಡೆಯುತ್ತಾರೆ, ತಡೆಯಲಿ. ಮನುಷ್ಯನಿಗೆ ಅದು ಹೆಚ್ಚು ಬೇಕಾಗುವುದೇ ಆ ದಿನ.

ಇನ್ನು ಮುಷ್ಟಿ, ಅಂದರೆ ದಾಸೋಹಕ್ಕೆಂದು ದಿನಾ ತೆಗೆದಿಡುವ ಹಿಡಿ ಕಾಳು. ಜೋಳ ಹಸನು ಮಾಡುವಾಗ ಒಂದು ಹಿಡಿ ಬೇರೆ ಡಬ್ಬಿಗೆ. ಹಿಡಿಗೆ ಸುಮಾರು 50 ಗ್ರಾಂ ಅಂದರೂ ತಿಂಗಳಿಗೆ ಒಂದೂವರೆ ಕಿಲೋ. ಹಿಟ್ಟು ತೆಗೆದಿಡಬೇಡಿ, ಮಳೆಗಾಲದಲ್ಲಿ ಹುಳ ಬಿದ್ದು ಕಹಿಯಾಗುತ್ತದೆ. ಕಾಳಾದರೆ ಒಣಗಿದ ಬೇವಿನ ಸೊಪ್ಪು ಹಾಕಿದರೆ ತಡೆಯುತ್ತದೆ. ಅಮವಾಸ್ಯೆಗೊಮ್ಮೆ ಊರ ಮಠಕ್ಕೋ ಶರಣಬಸವೇಶ್ವರ ಗುಡಿಯ ದಾಸೋಹಕ್ಕೋ ಒಯ್ಯಬಹುದು. ಜೋಳ ತೀರಿದ ತಿಂಗಳು ಮಠದಲ್ಲಿ ರೊಟ್ಟಿ ಬಡಿದು, ಪಾತ್ರೆ ತಿಕ್ಕಿ ಬಂದರೆ ಅದೂ ದಾಸೋಹವೇ. ಕಾಳು ಕಡ ತಂದು ಕೊಡುವುದು ಮಾತ್ರ ಕೂಡದು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬಾ ಅಂದಳಲ್ಲ, ಅಳತೆ ಅಂದರೆ ಅದು.

ಹರಕೆಗೆ ಸಾಲ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಹೋಳಿಯ ನಂತರ ಐದನೇ ದಿನ ಶರಣಬಸವೇಶ್ವರ ಅಪ್ಪನ ತೇರು. ನಡೆದು ಹೋಗಿ ಒಂದು ಉತ್ತತ್ತಿ ಎಸೆದು ಬಂದರೆ ಯಾವ ಕೊರತೆಯೂ ಆಗದು.

ಪೂಜೆಯಿಂದ ತೊಗರಿ ಗಿಡ ಒಣಗಿಸುವ ನೆಟೆ ರೋಗ ಹೋಗುವುದಿಲ್ಲ, ಅದು ಮಣ್ಣಿನಲ್ಲಿರುವ ಶಿಲೀಂಧ್ರ. ಒಣಗಿದ ಗಿಡದ ಕಾಂಡ ಸೀಳಿದರೆ ಒಳಗೆ ಕಂದುಗಪ್ಪು ಗೆರೆ ಕಾಣುತ್ತದೆ. ಆ ಹೊಲಕ್ಕೆ ಮುಂದಿನ ವರ್ಷ ಜೋಳ ಹಾಕಿ. ಮತ್ತೆ ತೊಗರಿ ಬಿತ್ತುವಾಗ ಕಿಲೋ ಬೀಜಕ್ಕೆ ರೋಗದ ಶಿಲೀಂಧ್ರ ತಡೆಯುವ ಜೈವಿಕ ಪುಡಿ ಟ್ರೈಕೋಡರ್ಮಾ 4 ಗ್ರಾಂ ಹಚ್ಚಿ. ಹೊಲದಲ್ಲಿ ನೀರು ನಿಂತು ಬೆಳೆ ಹೋದರೆ ಬೆಳೆ ವಿಮೆಗೆ 72 ಗಂಟೆಯೊಳಗೆ ತಿಳಿಸಬೇಕು. ಅವತ್ತು ಬೆಳಗಿನ ಪೂಜೆ ಐದೇ ನಿಮಿಷಕ್ಕೆ ಮುಗಿಸಿ, ಪಹಣಿ, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೊರಡಿ.