ನಿಂಬೆ, ನೆಲ್ಲಿ, ನೇರಳೆ: ನೀರಿನ ಲೆಕ್ಕ

ಮೊಮ್ಮಗಳು ಮೊನ್ನೆ ಹಾಕಿದ ನಿಂಬೆಹಣ್ಣಿನ ಉಪ್ಪಿನಕಾಯಿಗೆ ಹದಿನೈದೇ ದಿನದಲ್ಲಿ ಬೂಷ್ಟು ಹಿಡಿಯಿತು. ಹಣ್ಣನ್ನು ತೊಳೆದು, ಒರೆಸದೆ, ಒದ್ದೆ ಚಾಕುವಿನಲ್ಲಿ ಹೆಚ್ಚಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿದರೆ ಇನ್ನೇನಾಗಬೇಕು? ಇದೇ ಹುಡುಗಿ ಕಳೆದ ಕಾರ್ತಿಕದಲ್ಲಿ ನೆಲ್ಲಿಕಾಯಿಯನ್ನು ಬುಟ್ಟಿಯಲ್ಲಿಯೇ ಬಿಟ್ಟು ಸುಕ್ಕಾಗಿಸಿದ್ದಳು, ಆಷಾಢದಲ್ಲಿ ನೇರಳೆಯನ್ನು ಬೆಳಗಿನಿಂದ ಸಂಜೆಯವರೆಗೆ ನೆನೆಸಿಟ್ಟು ಸಪ್ಪೆ ಮಾಡಿದ್ದಳು. ಮೂರೂ ನಕಾರದ ಹಣ್ಣುಗಳೇ, ಆದರೆ ನೀರಿನ ಜೊತೆ ಮೂರರ ಸಂಬಂಧವೂ ಬೇರೆ ಬೇರೆ. ಅಷ್ಟನ್ನಾದರೂ ತಿಳಿದು ಕೈ ಹಾಕಬಾರದೇ?

ನಿಂಬೆಗೆ ನೀರಿನ ಹನಿಯೂ ಆಗದು. ಸಿಪ್ಪೆ ತೆಳುವಾಗಿ, ಕೈಗೆ ಭಾರವೆನಿಸುವ ಹಣ್ಣನ್ನು ಆರಿಸಿ. ವಿಜಯಪುರ ಜಿಲ್ಲೆಯ ಇಂಡಿಯ ಹಣ್ಣು ಸಿಕ್ಕರೆ ಬಿಡಬೇಡಿ. ತೊಳೆದ ಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡು, ತೊಟ್ಟಿನ ಗುಳಿಯಲ್ಲಿಯೂ ತೇವ ನಿಲ್ಲದಂತೆ ಒಣಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಆರಲು ಬಿಡಬೇಕು.

ಇನ್ನು ಜಾಡಿಗೆ ಇಂಗಿನ ಹೊಗೆ. ಇದನ್ನು ಬಿಟ್ಟು ನಾನು ಇಂದಿಗೂ ಉಪ್ಪಿನಕಾಯಿ ಹಾಕಿಲ್ಲ. ಜಾಡಿಯನ್ನು ಹಿಂದಿನ ದಿನವೇ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿರಬೇಕು. ಹಂಚಿನ ಚೂರಿನ ಮೇಲೆ ತೆಂಗಿನ ಚಿಪ್ಪಿನ ಕೆಂಡ ಎರಡನ್ನಿಟ್ಟು, ಅದರ ಮೇಲೆ ಕಡಲೆಕಾಳಿನಷ್ಟು ಗಟ್ಟಿ ಇಂಗನ್ನು ಹಾಕಿ, ಹೊಗೆ ಎದ್ದ ಕೂಡಲೇ ಜಾಡಿಯನ್ನು ಬೋರಲು ಹಾಕಿ. ಅಂಗಡಿಯ ಪುಡಿ ಇಂಗು ಬೇಡ, ಅದರಲ್ಲಿ ಬೆರೆಸಿದ ಹಿಟ್ಟು ಸೀದು ವಾಸನೆ ಕೆಡುತ್ತದೆ. ಜಾಡಿಯ ಅಂಚು ಒಂದು ಕಡೆ ಬೆರಳಿನಷ್ಟು ಎತ್ತರದಲ್ಲಿರಲಿ, ಇಲ್ಲದಿದ್ದರೆ ಕೆಂಡ ನಂದುತ್ತದೆ. ನಮ್ಮ ಅತ್ತೆಯವರು ಅಷ್ಟು ಹೊತ್ತಿಗೆ ಒಂದು ಸಲ ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಜಾಡಿಯನ್ನೆತ್ತಿ "ಮೂಗಿಟ್ಟು ನೋಡು" ಎನ್ನುತ್ತಿದ್ದರು. ಘಾಟು ನೆತ್ತಿಗೇರಿ ನಾನು ಕೆಮ್ಮಿದರೆ ಹದ ಬಂದಿತೆಂದೇ ಅರ್ಥ. ಹೊಗೆ ಹೊರಹೋಗುವ ಮೊದಲೇ ತಳಕ್ಕೆ ಒಂದು ಹಿಡಿ ಕಲ್ಲುಪ್ಪನ್ನು ಹಾಕಿ, ಹೋಳು, ಅರಿಸಿನ, ಉಪ್ಪು ಹೀಗೆ ಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಬೇಕು. ದಿನವೂ ಒಣ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿ. ಸಿಪ್ಪೆ ಮೆತ್ತಗಾಗುವವರೆಗೆ, ಅದು ಮೂರು ವಾರವಾದರೂ ಸರಿಯೇ, ಖಾರದ ಪುಡಿಯ ಮಾತೆತ್ತಬೇಡಿ.

ನೆಲ್ಲಿ ಇದಕ್ಕೆ ತದ್ವಿರುದ್ಧ, ಅದು ಬಾಳುವುದೇ ನೀರಿನಲ್ಲಿ. ಉತ್ಥಾನ ದ್ವಾದಶಿಗೆ ತುಳಸಿಯ ಪಕ್ಕ ನೆಡಲು ನೆಲ್ಲಿಯ ಕೊಂಬೆ ತರುವ ದಿನಗಳಲ್ಲಿ ಬೆಟ್ಟದ ನೆಲ್ಲಿಯೂ ಸಂತೆಗೆ ಬರುತ್ತದೆ. ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿ, ಕಾಯಿ ಮುಳುಗುವಷ್ಟು ಹಾಕಿ, ತೇಲದಂತೆ ಮೇಲೊಂದು ಪಿಂಗಾಣಿ ಬಟ್ಟಲನ್ನಿಡಿ. ಕಬ್ಬಿಣದ ಚಾಕುವನ್ನಾಗಲಿ ಪಾತ್ರೆಯನ್ನಾಗಲಿ ತಾಗಿಸಬೇಡಿ, ಅದರ ಒಗರು ಕಬ್ಬಿಣಕ್ಕೆ ಸೇರಿ ಕಪ್ಪಾಗುತ್ತದೆ.

ನೇರಳೆಗೆ ನೀರು ಬೇಕು, ಆದರೆ ಗಳಿಗೆ ಹೊತ್ತು ಮಾತ್ರ. ಅದು ಮರದಡಿ ಮಣ್ಣಿನ ಮೇಲೆ ಉದುರಿದ ಹಣ್ಣು. ತಿನ್ನುವ ಮುಂಚೆ ಉಪ್ಪು ನೀರಿನಲ್ಲಿ ಅದ್ದಿ ತೆಗೆದರೆ ಮಣ್ಣು ಹೋಗುತ್ತದೆ. ತೊಳೆದು ಫ್ರಿಜ್ಜಿನಲ್ಲಿಡಬೇಡಿ, ಮರುದಿನಕ್ಕೆ ಒಡೆದಿರುತ್ತದೆ. ಒಗೆಯುವವರಿಗೂ ಒಂದು ಮಾತು: ಮಕ್ಕಳ ಅಂಗಿಯ ಮೇಲಿನ ನೇರಳೆ ಕಲೆಗೆ ಮೊದಲೇ ಸೋಪು ತಿಕ್ಕಿದರೆ ಅದು ನೀಲಿಗೆ ತಿರುಗಿ ಅಲ್ಲಿಯೇ ಕೂರುತ್ತದೆ. ಹಿಂಡಿದ ನಿಂಬೆಯ ಹೋಳಿಗೆ ಉಪ್ಪು ಸವರಿ ಉಜ್ಜಿ, ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪು ಮುಟ್ಟಿ.