ಸೋಲಾರ್ ಹೀಟರಿನ ಕಪ್ಪು ಲೇಪನ: ಪರಿಸರದ ಲೆಕ್ಕ ಹಾಕುವುದು ಹೇಗೆ

ಹುಬ್ಬಳ್ಳಿ-ಧಾರವಾಡದ ಮಾಳಿಗೆಗಳ ಮೇಲೆ ಸೋಲಾರ್ ಹೀಟರಿಗೆ ಬರವಿಲ್ಲ. ಗಾಜಿನ ಕೆಳಗೆ ತಾಮ್ರದ ತಗಡಿಗೆ ಕಪ್ಪು ಲೇಪನ ಇರುತ್ತದಲ್ಲ, ಅದು ಪರಿಸರಕ್ಕೆ ಎಷ್ಟು ಹೊರೆ ಅಂತ ತಿಳಿಯಬೇಕಾದರೆ ಅದರ ತೂಕ ನೋಡಬೇಡಿ. ಪದರ ಕೂದಲಿಗಿಂತ ಎಷ್ಟೋ ತೆಳು.

ಚದರ ಮೀಟರಿನ ಲೆಕ್ಕದಲ್ಲೂ ಹೋಲಿಸಬೇಡಿ. ಬಿಸಿನೀರನ್ನು ಹೋಲಿಸಿ. ದಿನಕ್ಕೆ 100 ಲೀಟರ್, 25ರಿಂದ 60 ಡಿಗ್ರಿಗೆ, 15 ವರ್ಷ ಅಂತ ಇಟ್ಟುಕೊಳ್ಳಿ. ದಿನಕ್ಕೆ ಸುಮಾರು 4 ಯೂನಿಟ್ ಶಾಖ ಬೇಕು. ವಸ್ತುವಿನ ಹುಟ್ಟಿನಿಂದ ಗುಜರಿಯವರೆಗೆ ಪರಿಸರದ ಲೆಕ್ಕ ಹಾಕುವ ಐಎಸ್‌ಒ 14040, 14044 ಮಾನದಂಡಗಳೂ ಹೀಗೇ ಮೊದಲು ಕೆಲಸದ ಅಳತೆ ಗೊತ್ತು ಮಾಡಿಕೊಳ್ಳಿ ಅನ್ನುತ್ತವೆ.

ಆಮೇಲೆ ಪ್ಲೇಟಿಂಗ್ ಶಾಪಿಗೆ, ಅಂದರೆ ರಾಸಾಯನಿಕದ ತೊಟ್ಟಿಯಲ್ಲಿ ಕರೆಂಟ್ ಹರಿಸಿ ಲೇಪನ ಹಾಕುವಲ್ಲಿಗೆ ಹೋಗಿ. ಇಂಥ ಲೇಪನಗಳಲ್ಲೊಂದಾದ ಕಪ್ಪು ಕ್ರೋಮಿಗೆ ಸಾಮಾನ್ಯವಾಗಿ ಮೊದಲು ನಿಕಲ್ ಪದರ ಹಾಕುತ್ತಾರೆ, ಅದನ್ನು ಬಿಟ್ಟರೆ ಲೆಕ್ಕ ಅರ್ಧಮರ್ಧ. ತೊಟ್ಟಿಗೆ ಡಿಸಿ ಕರೆಂಟ್ ಕೊಡುವ ರೆಕ್ಟಿಫೈಯರಿನ ವೋಲ್ಟ್, ಆಂಪಿಯರ್, ಎಷ್ಟು ನಿಮಿಷ ಓಡಿತು ಅಂತ ಬರೆದುಕೊಳ್ಳಿ. ಕ್ರೋಮ್ ತೊಟ್ಟಿಯನ್ನು ತಣ್ಣಗೆ ಇಡಬೇಕು, ನಮ್ಮ ಏಪ್ರಿಲ್ ಬಿಸಿಲಲ್ಲಿ ಅದರ ಚಿಲ್ಲರ್ ಜಾಸ್ತಿ ಓಡುತ್ತದೆ, ಹಾಗಾಗಿ ಒಂದು ದಿನದ ರೀಡಿಂಗ್ ಸಾಲದು, ಬೇಸಿಗೆ ಚಳಿಗಾಲ ಎರಡರದ್ದೂ ತೆಗೆದುಕೊಳ್ಳಿ. ಕ್ರೋಮಿಕ್ ಆಸಿಡ್ ಎಷ್ಟು ಕೊಂಡರು, ತೊಳೆದ ನೀರು ಎಷ್ಟು, ಕೆಸರು ಎಲ್ಲಿಗೆ ಹೋಯಿತು, ಎಲ್ಲವನ್ನೂ ಕೇಳಿ.

ಈ ಕೆಸರಿನ ವಿಷಯ ನನಗೆ ಬಹಳ ಮುಖ್ಯ. ಆ ತೊಟ್ಟಿಯಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಬರೀ ಇಂಗಾಲದ ಲೆಕ್ಕ ಹಾಕಿದರೆ ಅದು ಕಾಣುವುದೇ ಇಲ್ಲ. ಮನುಷ್ಯರಿಗೆ ಆಗುವ ವಿಷದ ಪರಿಣಾಮವನ್ನು ಬೇರೆ ಸಾಲಿನಲ್ಲಿ ತೋರಿಸಲೇಬೇಕು. ನಿರ್ವಾತದಲ್ಲಿ ಸ್ಪಟರಿಂಗ್ ಮಾಡುವ, ಅಂದರೆ ಲೋಹದ ಕಣಗಳನ್ನು ಸಿಡಿಸಿ ಕೂರಿಸುವ ಟೈಟೇನಿಯಂ ಲೇಪನಕ್ಕೆ ಈ ತೊಟ್ಟಿ ಬೇಡ, ಆದರೆ ನಿರ್ವಾತ ಮಾಡುವ ಪಂಪುಗಳ ಕರೆಂಟ್ ಸೇರಿಸಿ.

ಹಾಗಾದರೆ ಸಾದಾ ಕಪ್ಪು ಪೇಂಟ್ ಒಳ್ಳೆಯದಲ್ವಾ? ಅವಸರ ಬೇಡ. ಬಿಸಿಲು ಹೀರುವುದರಲ್ಲಿ ಪೇಂಟ್, ಕಪ್ಪು ಕ್ರೋಮ್ ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ಕಾದ ತಗಡು ಶಾಖವನ್ನು ಹೊರಸೂಸುವ ಪ್ರಮಾಣ ಪೇಂಟಿಗೆ 0.9ರ ಹತ್ತಿರ, ಕಪ್ಪು ಕ್ರೋಮಿಗೆ 0.1ರ ಆಸುಪಾಸು. ಡಿಸೆಂಬರ್ ಚಳಿಯಲ್ಲಿ ಪೇಂಟಿನ ಹೀಟರಿಗೆ ಶಾಖ ಕಡಿಮೆ ಬಿದ್ದರೆ ಮನೆಯವರು ಗೀಸರ್ ಹಾಕುತ್ತಾರೆ. ಆ ಹೆಸ್ಕಾಂ ಕರೆಂಟಿನ ಯೂನಿಟ್ಟುಗಳನ್ನು ಪೇಂಟಿನ ಖಾತೆಗೇ ಬರೆಯಿರಿ.

ಕೊನೆಗೆ 15 ವರ್ಷ ಅನ್ನುವ ಅಂಕಿಯನ್ನೇ ಅಲುಗಾಡಿಸಿ ನೋಡಿ. ಗಡಸು ಬೋರ್ ನೀರಿನ ಮನೆಯಲ್ಲಿ ಲೇಪನ ಗಟ್ಟಿಯಾಗಿದ್ದರೂ ಪೈಪಿನೊಳಗೆ ಸುಣ್ಣ ಕಟ್ಟಿ ಹೀಟರ್ ಬೇಗ ಗುಜರಿಗೆ ಹೋಗಬಹುದು. ಮಲಪ್ರಭೆ ನೀರಿನ ಮನೆಗೆ ಒಂದು ಲೆಕ್ಕ, ಬೋರ್ ಮನೆಗೆ 8 ವರ್ಷ ಹಿಡಿದು ಇನ್ನೊಂದು ಲೆಕ್ಕ ಮಾಡಿ. ಎರಡರಲ್ಲೂ ಯಾವ ಲೇಪನ ಮುಂದಿದೆ ಅಂತ ಪಕ್ಕಪಕ್ಕ ಬರೆಯಿರಿ.